ಕಡಲ್ಗಳ್ಳಿ ಝೆಂಗ್ ಯಿ ಸಾವ್: ಗೆದ್ದು ಎದ್ದು ಹೋದಳೋ, ಸೋತು ಶರಣಾದಳೋ?

ಕುಂದಾಪ್ರ ಕಡಲಿಗ:
ಚೀನಾದ ಝೆಂಗ್ ಯಿ ಸಾವ್ ಬಗ್ಗೆ ಒಂದು ಚರ್ಚೆ ಆಗಲಿ ಎಂದು ಶುರು ಮಾಡುತ್ತಿದ್ದೇನೆ. ಇಂಗ್ಲಿಷ್ ಪುಸ್ತಕಗಳಲ್ಲಿ ಚಿಂಗ್ ಶಿಹ್ ಎಂಬ ಹೆಸರಿನಲ್ಲಿ ಬರುವವಳೂ ಇವಳೇ. ಯೂಟ್ಯೂಬ್ ತೆರೆದರೆ "ಎಂದೂ ಸೋಲದ ಕಡಲ ರಾಣಿ" ಎಂದು ಹತ್ತಾರು ವಿಡಿಯೊ ಸಿಗುತ್ತವೆ. ಕೈಯಲ್ಲಿ ಕತ್ತಿ, ಗಾಳಿಗೆ ಹಾರುವ ಕೂದಲು, ಹಿನ್ನೆಲೆಯಲ್ಲಿ ಬೆಂಕಿ. ನನಗೆ ಇದರ ಮೇಲೆ ತಕರಾರಿದೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. 1775ರ ಸುಮಾರಿಗೆ ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಹುಟ್ಟಿದಳು. ಕ್ಯಾಂಟನ್ನಿನಲ್ಲಿ (ಇಂದಿನ ಗುವಾಂಗ್‌ಝೌ) ಮೈ ಮಾರಿ ಬದುಕುತ್ತಿದ್ದಳು ಎನ್ನುತ್ತಾರೆ. 1801ರಲ್ಲಿ ಝೆಂಗ್ ಯಿ ಎಂಬ ಕಡಲ್ಗಳ್ಳನನ್ನು ಮದುವೆಯಾದಳು. 1807ರ ನವೆಂಬರ್‌ನಲ್ಲಿ ಅವನು ಸತ್ತ. ಬಿರುಗಾಳಿಗೆ ಸಿಕ್ಕಿ ಹಡಗಿನಿಂದ ಬಿದ್ದ ಎಂದು ಕೆಲವರು, ಫಿರಂಗಿ ಗುಂಡು ತಗುಲಿತು ಎಂದು ಕೆಲವರು. ಆಗ ಗಂಡನ ಇಡೀ ಪಡೆ ಇವಳ ಕೈಗೆ ಬಂತು. 1810ರ ಏಪ್ರಿಲ್‌ನಲ್ಲಿ ಸರ್ಕಾರಕ್ಕೆ ಶರಣಾದಳು. ಅಂದರೆ ಇವಳ "ಆಳ್ವಿಕೆ" ಎರಡೂವರೆ ವರ್ಷವೂ ಇಲ್ಲ.

ನನ್ನ ವಾದ ಇಷ್ಟೇ. ಇವಳ ಹೆಚ್ಚುಗಾರಿಕೆ ಕತ್ತಿಯಲ್ಲಿ ಇರಲಿಲ್ಲ. ಯಾವಾಗ ಅಂಗಡಿ ಮುಚ್ಚಬೇಕು ಅನ್ನುವ ಲೆಕ್ಕದಲ್ಲಿ ಇತ್ತು. ಒಪ್ಪದವರು ಬನ್ನಿ.

ಧಾರವಾಡದ ಓದುಗ:
ಒಪ್ಪುತ್ತೇನೆ, ಆದರೆ ಅಂಗಡಿ ಕಟ್ಟಿದ್ದು ಇವಳೊಬ್ಬಳೇ ಅಲ್ಲ ಅನ್ನುವುದನ್ನು ಸೇರಿಸಿ. ಕಥೆ ವಿಯೆಟ್ನಾಮಿನಿಂದ ಶುರುವಾಗಬೇಕು. ಅಲ್ಲಿ ತಾಯ್ ಸನ್ ದಂಗೆಕೋರರು ರಾಜ್ಯ ಹಿಡಿದಿದ್ದರು. ಅವರಿಗೆ ನೌಕಾಪಡೆ ಬೇಕಿತ್ತು. ಚೀನಾದ ಕಡಲ್ಗಳ್ಳರನ್ನು ಕರೆದು, ಹಡಗು, ಪದವಿ ಕೊಟ್ಟು ಸಾಕಿಕೊಂಡರು. ಝೆಂಗ್ ಯಿ ಅಲ್ಲೇ ಪಳಗಿದವನು. 1802ರಲ್ಲಿ ತಾಯ್ ಸನ್ ಆಡಳಿತ ಬಿದ್ದುಹೋಯಿತು. ಅನ್ನ ಹಾಕುವವರು ಹೋದ ಮೇಲೆ ಇವರೆಲ್ಲ ಚೀನಾ ಕರಾವಳಿಗೆ ವಾಪಸ್ ಬಂದರು. ಬಂದವರು ಮೊದಲು ಮಾಡಿದ ಕೆಲಸ ತಮ್ಮತಮ್ಮಲ್ಲೇ ಹೊಡೆದಾಡಿದ್ದು.

1805ರಲ್ಲಿ ಏಳು ಮುಖಂಡರು ಕೂತು ಒಂದು ಕರಾರಿಗೆ ಸಹಿ ಹಾಕಿದರು. ಅವರಲ್ಲಿ ಒಬ್ಬ ಬೇಗನೆ ಸರ್ಕಾರಕ್ಕೆ ಶರಣಾದ, ಉಳಿದದ್ದು ಆರು ಪಡೆ. ಒಂದೊಂದು ಪಡೆಗೆ ಒಂದೊಂದು ಬಣ್ಣದ ಬಾವುಟ: ಕೆಂಪು, ಕಪ್ಪು, ಬಿಳಿ, ಹಸಿರು, ನೀಲಿ, ಹಳದಿ. ಕೆಂಪು ಬಾವುಟ ಝೆಂಗ್ ಯಿಯದು, ಅದೇ ದೊಡ್ಡದು. ಇಡೀ ಒಕ್ಕೂಟದಲ್ಲಿ ಆಗಲೇ ಸುಮಾರು 400 ಜಂಕ್ (ಚೀನಾದ ಹಾಯಿಹಡಗು), 40,000ದಿಂದ 60,000 ಜನ. ಮುಂದೆ ಇನ್ನೂ ಬೆಳೆಯಿತು. ಗಂಡ ಹೆಂಡತಿ ಸೇರಿ ಕಟ್ಟಿದ ಸಂಸ್ಥೆ ಇದು. ಗಂಡ ಸತ್ತ ದಿನ ಇವಳಿಗೆ ಸಿಕ್ಕಿದ್ದು ಹಡಗುಗಳಿಗಿಂತ ಹೆಚ್ಚಾಗಿ ಆ ಆರು ಬಣ್ಣದವರ ಒಪ್ಪಂದ. ಅದು ಒಡೆಯದಂತೆ ನೋಡಿಕೊಂಡಿದ್ದೇ ನಿಜವಾದ ಕೆಲಸ.

ತುಂಗಾ ತೀರ:
ಆರು ಬಣ್ಣದ ಬಾವುಟ, ಒಂದೇ ಒಕ್ಕೂಟ, ಒಳಗೊಳಗೇ ಜಗಳ. ಎಲ್ಲೋ ನೋಡಿದ ಹಾಗಿದೆ ಅಲ್ವಾ? ಸಮ್ಮಿಶ್ರ ಸರ್ಕಾರ ನಡೆಸಿದವರಿಗೆ ಇವಳ ಕಷ್ಟ ಅರ್ಥವಾಗುತ್ತದೆ.

ಮಲೆನಾಡ ಹುಡುಗಿ:
ಕಡಲಿಗರೇ, ಅವಳ ಮದುವೆಯ ಕಥೆ ಕೇಳಿದ್ದೀರಾ? "ಅರ್ಧ ಆಸ್ತಿ, ಅರ್ಧ ಅಧಿಕಾರ ಕೊಟ್ಟರೆ ಮಾತ್ರ ಮದುವೆ" ಎಂದು ಷರತ್ತು ಹಾಕಿದಳಂತೆ. ಮತ್ತೆ ಆ ಕಾನೂನುಗಳು! ಸೆರೆ ಸಿಕ್ಕ ಹೆಂಗಸಿನ ಮೇಲೆ ಅತ್ಯಾಚಾರ ಮಾಡಿದವನಿಗೆ ತಲೆ ಹಾರಿಸುವ ಶಿಕ್ಷೆ. 200 ವರ್ಷದ ಹಿಂದೆ, ಅದೂ ಕಳ್ಳರ ನಡುವೆ. ಇದನ್ನು ಸುಮ್ನೆ "ವ್ಯಾಪಾರದ ಲೆಕ್ಕ" ಅನ್ನುವುದು ಸರಿಯಲ್ಲ.

ಧಾರವಾಡದ ಓದುಗ:
ಮೇಡಂ, ಅರ್ಧ ಆಸ್ತಿಯ ಷರತ್ತು ಚೆಂದದ ಕಥೆ, ಹಳೆಯ ದಾಖಲೆಯಲ್ಲಿ ಅದಕ್ಕೆ ಆಧಾರ ಇಲ್ಲ. ಕಾನೂನುಗಳು ಮಾತ್ರ ನಿಜವಾಗಿಯೂ ಇದ್ದವು. ಯುವಾನ್ ಯೊಂಗ್‌ಲುನ್ ಎಂಬ ಚೀನೀಯ 1830ರಲ್ಲಿ ಬರೆದ ಬರಹದಲ್ಲಿ ಇವೆ. ಆದರೆ ಅವನು ಅವುಗಳನ್ನು ಜಾಂಗ್ ಬಾವ್ ಮಾಡಿದ್ದು ಅನ್ನುತ್ತಾನೆ, ಇವಳು ಮಾಡಿದ್ದು ಅನ್ನುವುದಿಲ್ಲ.

ಈ ಜಾಂಗ್ ಬಾವ್ ಯಾರು ಎಂದು ಯಾರೂ ಹೇಳಲಿಲ್ಲ. ಮೀನುಗಾರನ ಮಗ. 15ನೇ ವಯಸ್ಸಿನಲ್ಲಿ ಕಳ್ಳರ ಕೈಗೆ ಸಿಕ್ಕ. ಝೆಂಗ್ ಯಿ ಅವನನ್ನು ದತ್ತು ತೆಗೆದುಕೊಂಡ. ಝೆಂಗ್ ಯಿ ಸತ್ತ ಮೇಲೆ ಇವಳು ಕೆಂಪು ಬಾವುಟದ ಪಡೆಯನ್ನು ಅವನ ಕೈಗೆ ಕೊಟ್ಟಳು. ಅವನೊಂದಿಗೆ ಸಂಬಂಧ ಬೆಳೆಯಿತು, ಮುಂದೆ ಮದುವೆಯೂ ಆಯಿತು. ದತ್ತು ಮಗನನ್ನೇ ಮದುವೆಯಾದಳು ಎಂದು ಮೂಗು ಮುರಿಯುವವರು ಮುರಿಯಲಿ. ಅಧಿಕಾರದ ದೃಷ್ಟಿಯಿಂದ ಇದಕ್ಕಿಂತ ಗಟ್ಟಿ ಹೆಜ್ಜೆ ಇನ್ನೊಂದಿಲ್ಲ. ಗಂಡನ ವಾರಸುದಾರ, ಪಡೆಗೆ ಬೇಕಾದವನು, ತನಗೆ ನಿಷ್ಠನಾದವನು, ಮೂರೂ ಒಬ್ಬನೇ.

ಮಲೆನಾಡ ಹುಡುಗಿ:
ಸರಿ, ಅವನೇ ಬರೆಸಿದ ಅಂತಲೇ ಇಟ್ಟುಕೊಳ್ಳಿ. ಅವನು ಯಾರ ಮಾತಿಗೆ ತಲೆ ಆಡಿಸುತ್ತಿದ್ದ? ದೊಡ್ಡ ತೀರ್ಮಾನಗಳೆಲ್ಲ ಇವಳನ್ನು ಕೇಳಿಯೇ ಆಗುತ್ತಿದ್ದವು ಎಂದು ಅದೇ ಯುವಾನ್ ಬರೆದಿದ್ದಾನಲ್ಲ. ಗಂಡಸು ಮುಂದೆ ನಿಂತರೆ ಕೀರ್ತಿಯೆಲ್ಲ ಅವನಿಗೆ ಬರೆಯುವ ಅಭ್ಯಾಸ ಇತಿಹಾಸಕಾರರಿಗೆ ಇದೆ.

ಕುಂದಾಪ್ರ ಕಡಲಿಗ:
ಕಾನೂನು ಯಾರದ್ದೇ ಇರಲಿ, ಒಳಗೆ ಏನು ಬರೆದಿತ್ತು ನೋಡಿ. ಅಪ್ಪಣೆ ಮೀರಿದರೆ ತಲೆ ಹೋಗುತ್ತದೆ. ಲೂಟಿಯ ಮಾಲನ್ನು ಮೊದಲು ಲೆಕ್ಕಕ್ಕೆ ಬರೆಸಬೇಕು. ಹತ್ತರಲ್ಲಿ ಎರಡು ಪಾಲು ಹಿಡಿದವರಿಗೆ, ಎಂಟು ಪಾಲು ಸಾಮೂಹಿಕ ಉಗ್ರಾಣಕ್ಕೆ. ಆ ಉಗ್ರಾಣದಿಂದ ಕದ್ದವನಿಗೂ ಮರಣದಂಡನೆ. ಹೇಳದೆ ದಡಕ್ಕೆ ಓಡಿಹೋದವನ ಕಿವಿ ಕತ್ತರಿಸಿ ಎಲ್ಲರ ಮುಂದೆ ಮೆರವಣಿಗೆ. ಹಳ್ಳಿಯವರಿಂದ ದಿನಸಿ ತಂದರೆ ದುಡ್ಡು ಕೊಡಬೇಕು, ಕಿತ್ತುಕೊಳ್ಳುವ ಹಾಗಿಲ್ಲ.

ಹೆಂಗಸರ ಕಾನೂನಿನ ಎರಡನೇ ಸಾಲನ್ನು ಯಾವ ವಿಡಿಯೊದವರೂ ಓದುವುದಿಲ್ಲ. ಸೆರೆಯಾದ ಹೆಂಗಸು ತಾನಾಗಿ ಒಪ್ಪಿ ಕೂಡಿದ್ದರೆ? ಗಂಡಸಿನ ತಲೆ ಕತ್ತರಿಸಿ, ಹೆಂಗಸಿನ ಕಾಲಿಗೆ ಭಾರ ಕಟ್ಟಿ ಕಡಲಿಗೆ ಎಸೆಯುವುದು. ಇದು ಹೆಣ್ಣಿನ ಮೇಲಿನ ಕರುಣೆ ಅಲ್ಲ. ಸೆರೆಯಾಳು ಅಂದರೆ ಒತ್ತೆಹಣ ತರುವ ಸರಕು, ಸರಕನ್ನು ಮುಟ್ಟಬೇಡಿ ಅನ್ನುವ ಶಿಸ್ತು.

ಜಮಾಖರ್ಚು:
ಕಡಲಿಗರ ಮಾತಿಗೆ ಒಂದು ಸಾಕ್ಷಿ ಕೊಡುತ್ತೇನೆ. ರಿಚರ್ಡ್ ಗ್ಲಾಸ್‌ಪೂಲ್ ಎಂಬ ಇಂಗ್ಲಿಷಿನವನು ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದರಲ್ಲಿ ಅಧಿಕಾರಿ. 1809ರ ಸೆಪ್ಟೆಂಬರ್‌ನಲ್ಲಿ ಇವರ ಕೈಗೆ ಸಿಕ್ಕಿಬಿದ್ದ, ಡಿಸೆಂಬರ್‌ನಲ್ಲಿ ಬಿಡುಗಡೆಯಾದ. ಆಮೇಲೆ ಕಂಡಿದ್ದನ್ನೆಲ್ಲ ಬರೆದಿಟ್ಟ. ಒಂದು ಊರಿನಿಂದ 250 ಹೆಂಗಸರನ್ನು ಹಿಡಿದು ತಂದಿದ್ದು ಅದರಲ್ಲಿದೆ. ಸುಮಾರು 100 ಜನರನ್ನು ಮನೆಯವರು ದುಡ್ಡು ಕೊಟ್ಟು ಬಿಡಿಸಿಕೊಂಡರು. ಉಳಿದವರನ್ನು ತಲಾ 40 ಡಾಲರಿಗೆ ಕಳ್ಳರಿಗೇ ಮಾರಿದರು. ಕೊಂಡವನಿಗೆ ಅವಳು ಹೆಂಡತಿ, ಅವಳನ್ನು ಬಿಟ್ಟರೆ ಅವನಿಗೆ ಸಾವು. ಕೆಲವು ಹೆಂಗಸರು ಮಾರಾಟವಾಗುವುದಕ್ಕಿಂತ ಸಾಯುವುದೇ ಮೇಲೆಂದು ನೀರಿಗೆ ಹಾರಿದರು.

ಕಾನೂನು ಹಾಳೆಯ ಮೇಲೆ ಒಂದು, ಹಡಗಿನ ಮೇಲೆ ಇನ್ನೊಂದು. ಇಷ್ಟು ಗೊತ್ತಾದ ಮೇಲೂ "ಮಹಿಳಾ ಹಕ್ಕಿನ ಹೋರಾಟಗಾರ್ತಿ" ಅಂದರೆ ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ಮಲೆನಾಡ ಹುಡುಗಿ:
ಹೋರಾಟಗಾರ್ತಿ ಎಂದು ನಾನು ಅಂದಿಲ್ಲ. ಆದರೆ 40 ಡಾಲರಿನ ವಿಷಯ ಓದಿದ ಮೇಲೆ ಅವಳ ಮೇಲಿದ್ದ ಪ್ರೀತಿ ಸ್ವಲ್ಪ ಕಡಿಮೆಯಾಯಿತು, ಅದಂತೂ ನಿಜ.

ತುಂಗಾ ತೀರ:
ಆ ಗ್ಲಾಸ್‌ಪೂಲ್ ಅಲ್ಲಿ ಏನು ತಿಂದ, ಹೇಗೆ ಮಲಗಿದ ಅನ್ನುವುದು ಇದೆಯಾ? ನನಗೆ ಯುದ್ಧಕ್ಕಿಂತ ಅಡುಗೆಮನೆ ವಿಚಾರದಲ್ಲಿ ಆಸಕ್ತಿ ಜಾಸ್ತಿ.

ಜಮಾಖರ್ಚು:
ಇದೆ ಗುರುವೇ, ಊಟ ಮಾಡಿ ಆಮೇಲೆ ಓದಿ. ಇವರಿಗೆ ದಡದಲ್ಲಿ ಮನೆಯೇ ಇಲ್ಲ, ವರ್ಷಪೂರ್ತಿ ಹಡಗಿನಲ್ಲೇ ಸಂಸಾರ. ಒಬ್ಬೊಬ್ಬನಿಗೆ ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲದ ಜಾಗ. ಅದರಲ್ಲೇ ಅವನು, ಹೆಂಡತಿ, ಮಕ್ಕಳು. ಹಡಗಿನ ತುಂಬ ಇಲಿಗಳು. ಓಡಿಸುವುದಿಲ್ಲ, ಬೆಳೆಯಲು ಬಿಟ್ಟು ಹಿಡಿದು ತಿನ್ನುತ್ತಾರೆ, ಅದು ಅವರಿಗೆ ವಿಶೇಷ ಊಟ. ಮೂರು ವಾರ ಅನ್ನದ ಜೊತೆ ಬೇಯಿಸಿದ ಕಂಬಳಿಹುಳು ತಿಂದು ಬದುಕಿದೆವು ಅನ್ನುತ್ತಾನೆ ಪುಣ್ಯಾತ್ಮ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಕಾಳಗ ನಡೆಯುವಾಗ ನಾಯಕನ ಹೆಂಡತಿ ಬಂದು ಇವನ ಮೈಮೇಲೆ ಪದೇ ಪದೇ ಬೆಳ್ಳುಳ್ಳಿ ನೀರು ಚಿಮುಕಿಸುತ್ತಿದ್ದಳು. ಗುಂಡು ತಾಗದಿರಲಿ ಎಂದು! ಒತ್ತೆಯಾಳು ಸತ್ತರೆ ಒತ್ತೆಹಣ ಹೋಗುತ್ತದಲ್ಲ.

ಕುಂದಾಪ್ರ ಕಡಲಿಗ:
ಆ ಹೆಂಡತಿ ಇವಳೇ ಎಂದು ಎಷ್ಟೋ ಕಡೆ ಬರೆದುಬಿಟ್ಟಿದ್ದಾರೆ. ಗ್ಲಾಸ್‌ಪೂಲ್ ಬರೆದಿದ್ದು "ನಾಯಕನ ಹೆಂಡತಿ" ಎಂದಷ್ಟೇ. ಅಂಥ ನಾಯಕರು, ಅಂಥ ಹೆಂಡತಿಯರು ಹಲವರಿದ್ದರು. ಬೆಳ್ಳುಳ್ಳಿ ಚಿಮುಕಿಸಿದವಳಿಗೂ ಅವಳ ಪಾಲಿನ ಕೀರ್ತಿ ಸಿಗಲಿ ಬಿಡಿ.

ಇದರಲ್ಲಿ ಇನ್ನೊಂದು ಅಂಶ ಇದೆ. ಆ ಕರಾವಳಿಯ ದೋಣಿ ಜನರಲ್ಲಿ ಹೆಂಗಸರು ಹುಟ್ಟು ಹಾಕುವುದು, ಹಾಯಿ ಕಟ್ಟುವುದು, ಚುಕ್ಕಾಣಿ ಹಿಡಿಯುವುದು ಹೊಸದೇನಲ್ಲ. ದಡದ ಶ್ರೀಮಂತ ಮನೆಗಳಲ್ಲಿ ಪಾದ ಕಟ್ಟಿ ಹೆಣ್ಣುಮಕ್ಕಳನ್ನು ಕೂರಿಸುತ್ತಿದ್ದ ಕಾಲ ಅದು. ನೀರಿನ ಮೇಲೆ ಹಾಗೆ ಕೂತರೆ ಹೊಟ್ಟೆ ತುಂಬುವುದಿಲ್ಲ. ಹೆಂಗಸೊಬ್ಬಳು ಹಡಗಿನ ಮೇಲೆ ನಿಂತು ಆಜ್ಞೆ ಮಾಡಿದರೆ ನಮಗೆ ಆಶ್ಚರ್ಯ, ಆ ಕಳ್ಳರಿಗೆ ಅಷ್ಟೇನೂ ಆಶ್ಚರ್ಯ ಆಗಿರಲಾರದು.

ಹಾಂಗ್‌ಕಾಂಗ್ ಕನ್ನಡಿಗ:
ತಡವಾಗಿ ಬಂದೆ. ಇಲ್ಲಿಗೆ ವಿಮಾನದಲ್ಲಿ ಬರುವವರೆಲ್ಲ ಇವಳ ದೊಡ್ಡ ಕಾಳಗದ ಜಾಗದ ಪಕ್ಕದಲ್ಲೇ ಇಳಿಯುತ್ತಾರೆ. ಹಾಂಗ್‌ಕಾಂಗ್ ವಿಮಾನ ನಿಲ್ದಾಣ ಇರುವುದು ಲಂಟಾವ್ ದ್ವೀಪದ ತುಂಗ್ ಚುಂಗ್ ಕೊಲ್ಲಿಯ ಎದುರು. 1809ರ ನವೆಂಬರ್‌ನಲ್ಲಿ ಕೆಂಪು ಬಾವುಟದವರು ಇದೇ ಕೊಲ್ಲಿಯಲ್ಲಿ ಹಡಗು ರಿಪೇರಿಗೆ ನಿಂತಿದ್ದರು. ಮಕಾವ್‌ನ ಪೋರ್ಚುಗೀಸರ ಹಡಗುಗಳು ಒಂದು ಕಡೆ, ಚೀನಾ ಸರ್ಕಾರದ ನೌಕಾಪಡೆ ಇನ್ನೊಂದು ಕಡೆ. ಕೊಲ್ಲಿಯ ಬಾಯಿ ಮುಚ್ಚಿದರು.

ಸರ್ಕಾರದವರು ಹುಲ್ಲು, ಮದ್ದು ತುಂಬಿದ ದೋಣಿಗಳಿಗೆ ಬೆಂಕಿ ಹಚ್ಚಿ ಗಾಳಿಗೆ ಬಿಟ್ಟರು. ಕಳ್ಳರು ಏನು ಮಾಡಿದರು ಗೊತ್ತಾ? ಉರಿಯುತ್ತಿದ್ದ ದೋಣಿಗಳನ್ನು ದಡಕ್ಕೆ ಎಳೆದು, ಬೆಂಕಿ ಆರಿಸಿ, ಒಡೆದು ಒಲೆಗೆ ಸೌದೆ ಮಾಡಿಕೊಂಡರು. ಗಾಳಿ ದಿಕ್ಕು ಬದಲಾದಾಗ ಹಾಯಿ ಬಿಚ್ಚಿ ಸಾಲಾಗಿ ಹೊರಬಿದ್ದರು.

ಚೆಂಗ್ ಚಾವ್ ಎಂಬ ಪುಟ್ಟ ದ್ವೀಪದಲ್ಲಿ ಜಾಂಗ್ ಬಾವ್‌ನ ಗುಹೆ ಅಂತ ಒಂದಿದೆ, ಲೂಟಿ ಬಚ್ಚಿಟ್ಟ ಜಾಗವಂತೆ. ಗುಹೆ ಅನ್ನುವುದಕ್ಕಿಂತ ಬಂಡೆ ಸಂದಿ. ಟಾರ್ಚ್ ಹಿಡಿದು, ಏಣಿ ಇಳಿದು, ಹೊಟ್ಟೆ ಒಳಗೆ ಎಳೆದುಕೊಂಡು ನುಗ್ಗಬೇಕು. ಲೂಟಿ ಹೋಗಲಿ, ನನ್ನ ಬ್ಯಾಗೇ ಒಳಗೆ ಹೋಗಲಿಲ್ಲ. ಬಂದರಿನಲ್ಲಿ ಕೆಂಪು ಹಾಯಿಯ ಪ್ರವಾಸಿ ದೋಣಿಯೊಂದು ಓಡುತ್ತದೆ, ಅದರ ಚೀನಿ ಹೆಸರೂ ಅವನದೇ. ಇವಳ ಹೆಸರಿನ ಬೋರ್ಡು ಮಾತ್ರ ನನಗೆ ಎಲ್ಲೂ ಕಂಡಿಲ್ಲ.

ಮಲೆನಾಡ ಹುಡುಗಿ:
ನಾನು ಮೊದಲೇ ಹೇಳಿದೆನಲ್ಲ!

ಉಳ್ಳಾಲದ ಅಲೆ:
ನಮ್ಮ ರಾಣಿ ಅಬ್ಬಕ್ಕನೂ ಪೋರ್ಚುಗೀಸರಿಗೆ ನೀರು ಕುಡಿಸಿದವಳೇ. ಇವಳನ್ನು ಚೀನಾದ ಅಬ್ಬಕ್ಕ ಅನ್ನಬಹುದಾ?

ಕುಂದಾಪ್ರ ಕಡಲಿಗ:
ಬೇಡ ಮಾರಾಯ್ರೇ. ಅಬ್ಬಕ್ಕ ತನ್ನ ರಾಜ್ಯ ಉಳಿಸಿಕೊಳ್ಳಲು ಹೊಡೆದಾಡಿದ ರಾಣಿ, ಅದೂ 16ನೇ ಶತಮಾನದಲ್ಲಿ. ಇವಳು ಊರು ಸುಟ್ಟವಳು. 1809ರಲ್ಲಿ ಮುತ್ತಿನ ನದಿಯ ಮುಖಜ ಭೂಮಿಗೆ ನುಗ್ಗಿದಾಗ ಎದುರು ನಿಂತ ಹಳ್ಳಿಯೊಂದರ 80 ಜನರ ತಲೆಗಳನ್ನು ಕಡಿದು ಆಲದ ಮರಕ್ಕೆ ನೇತುಹಾಕಿದರು. ಇಬ್ಬರನ್ನು ಒಂದೇ ಹಗ್ಗಕ್ಕೆ ಕಟ್ಟಬೇಡಿ.

ಜಮಾಖರ್ಚು:
ಆದರೆ ಪೋರ್ಚುಗೀಸರ ಕೊಂಡಿ ಸುಳ್ಳಲ್ಲ. ಆಗ ಮಕಾವ್ ಇದ್ದದ್ದು ಗೋವಾದ ಕೈಕೆಳಗೆ. ಅದಕ್ಕಿಂತ ಮಜಾ ಎಂದರೆ ದಂಧೆ ಒಂದೇ. 16ನೇ ಶತಮಾನದಲ್ಲಿ ಪೋರ್ಚುಗೀಸರು ನಮ್ಮ ಪಶ್ಚಿಮ ಕರಾವಳಿಯ ವ್ಯಾಪಾರಿಗಳಿಗೆ ಕಾರ್ತಾಜ್ ಎಂಬ ಪರವಾನಗಿ ಮಾರುತ್ತಿದ್ದರು. ಭಟ್ಕಳ, ಬಸರೂರು, ಮಂಗಳೂರಿನ ಹಡಗುಗಳಿಗೂ ಅದರ ಕಾಟ ತಪ್ಪಿರಲಿಲ್ಲ. ಚೀಟಿ ಇಲ್ಲದ ಹಡಗು ಸಿಕ್ಕರೆ ಮಾಲು ಜಪ್ತಿ. ಝೆಂಗ್ ಯಿ ಸಾವ್ ಮಾಡಿದ್ದೂ ಅದನ್ನೇ. ಉಪ್ಪಿನ ಹಡಗು, ಮೀನಿನ ದೋಣಿ, ವ್ಯಾಪಾರಿ ಜಂಕ್ ಎಲ್ಲವೂ ಮೊದಲೇ ಮಾಮೂಲು ಕೊಟ್ಟು ಚೀಟಿ ಪಡೆಯಬೇಕು. ದಡದಲ್ಲಿ ವಸೂಲಿಗೆಂದೇ ಕಚೇರಿಗಳಿದ್ದವು. ಒಂದು ಬಣ್ಣದವರು ಕೊಟ್ಟ ಚೀಟಿಯನ್ನು ಉಳಿದ ಬಣ್ಣದವರೂ ಮಾನ್ಯ ಮಾಡುತ್ತಿದ್ದರು. ಒಕ್ಕೂಟ ಇದ್ದದ್ದೇ ಇದಕ್ಕೆ. ಲೂಟಿಯಲ್ಲಿ ಗುಂಡಿನ ಖರ್ಚಿದೆ, ಜೀವದ ಖರ್ಚಿದೆ. ಚೀಟಿಯಲ್ಲಿ ಶಾಯಿಯ ಖರ್ಚು ಮಾತ್ರ.

ರಾಜ ಮಾಡಿದರೆ ಸುಂಕ, ಕಳ್ಳಿ ಮಾಡಿದರೆ ಹಫ್ತಾ. ವ್ಯಾಪಾರಿಯ ಜೇಬಿಗೆ ಏನು ವ್ಯತ್ಯಾಸ?

ಧಾರವಾಡದ ಓದುಗ:
ಮೂಲ ಪ್ರಶ್ನೆಗೆ ಬರೋಣ. ಇಷ್ಟು ಚೆನ್ನಾಗಿ ನಡೆಯುತ್ತಿದ್ದ ದಂಧೆಯನ್ನು ಯಾಕೆ ಬಿಟ್ಟಳು? 1809ರಲ್ಲಿ ಬಾಯ್ ಲಿಂಗ್ ಎಂಬ ಹೊಸ ಗವರ್ನರ್ ಜನರಲ್ ಬಂದ. ಹಿಂದಿನವರು ಹಡಗಿಗೆ ಹಡಗು ಕೊಟ್ಟು ಸೋತಿದ್ದರು. ಇವನು ಹೊಟ್ಟೆಗೆ ಕೈ ಹಾಕಿದ. ಉಪ್ಪನ್ನು ಸಮುದ್ರದ ಬದಲು ರಸ್ತೆಯಲ್ಲಿ ಸಾಗಿಸಿ ಎಂದ. ಹಡಗುಗಳು ದಡ ಬಿಡಬೇಡಿ ಎಂದ. ಕಡಲಿನಲ್ಲಿ ಮಾಮೂಲು ಕೊಡುವವರೇ ಇಲ್ಲದ ಮೇಲೆ ಚೀಟಿ ಯಾರಿಗೆ ಮಾರುವುದು? ಅದಕ್ಕೇ ಇವರು ಹೊಳೆಗಳ ಒಳಗೆ ನುಗ್ಗಿ ಹಳ್ಳಿ ದೋಚಲು ಶುರು ಮಾಡಿದ್ದು. ಆ ಆಲದ ಮರದ ಘಟನೆ ಆ ಕಾಲದ್ದು.

ಇನ್ನೊಂದು ಏಟು ಒಳಗಿನಿಂದಲೇ ಬಿತ್ತು. ಕಪ್ಪು ಬಾವುಟದ ಗುವೊ ಪೊದಾಯಿಗೆ ಜಾಂಗ್ ಬಾವ್‌ನನ್ನು ಕಂಡರೆ ಆಗುತ್ತಿರಲಿಲ್ಲ. ತುಂಗ್ ಚುಂಗ್‌ನಲ್ಲಿ ಸಿಕ್ಕಿಬಿದ್ದಾಗ ಸಹಾಯಕ್ಕೆ ಬರಲಿಲ್ಲ. ಆಮೇಲೆ ಇಬ್ಬರಿಗೂ ನೇರ ಕಾಳಗವೇ ಆಯಿತು. 1810ರ ಜನವರಿಯಲ್ಲಿ ಅವನು 8,000 ಜನ, 126 ಹಡಗು ಸಮೇತ ಸರ್ಕಾರದ ಕಡೆ ಹೋಗಿಬಿಟ್ಟ. ಹೋದವನಿಗೆ ಸರ್ಕಾರಿ ಪದವಿ ಸಿಕ್ಕಿತು. ಉಳಿದವರು ಅದನ್ನು ನೋಡುತ್ತಿದ್ದರು. ಹಾಗಾಗಿ "ಎಂದೂ ಸೋಲಲಿಲ್ಲ" ಅನ್ನುವುದು ಅರ್ಧ ಸತ್ಯ. ಕಡಲಿನಲ್ಲಿ ಸರ್ಕಾರಕ್ಕೆ ಇವಳನ್ನು ಮಟ್ಟಹಾಕಲು ಆಗಲಿಲ್ಲ. ಒಕ್ಕೂಟ ಒಡೆದಿತ್ತು.

ಕುಂದಾಪ್ರ ಕಡಲಿಗ:
ಅಲ್ಲೇ ಇರುವುದು ಇವಳ ಬುದ್ಧಿ. ಫೆಬ್ರವರಿಯಲ್ಲಿ ಒಮ್ಮೆ ಮಾತುಕತೆ ಆಯಿತು, ಮುರಿದುಬಿತ್ತು. ಹಡಗುಗಳಲ್ಲಿ ಒಂದಷ್ಟನ್ನು ತಾವೇ ಇಟ್ಟುಕೊಳ್ಳುತ್ತೇವೆ ಎಂದು ಇವರು, ಎಲ್ಲ ಒಪ್ಪಿಸಿ ಎಂದು ಅವರು. ಕಡಲಿನ ಮೇಲೆ ಒಬ್ಬರನ್ನೊಬ್ಬರು ನಂಬುವುದು ಸಾಧ್ಯವಿರಲಿಲ್ಲ. ಏಪ್ರಿಲ್‌ನಲ್ಲಿ ಇವಳು ಏನು ಮಾಡಿದಳು ನೋಡಿ. ಜಾಂಗ್ ಬಾವ್‌ನನ್ನು ಹಡಗಿನಲ್ಲೇ ಬಿಟ್ಟಳು. ಒಂದು ಆಯುಧವೂ ಇಲ್ಲದೆ, 17 ಮಂದಿ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಕ್ಯಾಂಟನ್ನಿಗೆ ಹೋಗಿ, ಗವರ್ನರನ ಕಚೇರಿ ಬಾಗಿಲಲ್ಲಿ ನಿಂತಳು.

ಬಾಯ್ ಲಿಂಗ್ ಏನು ಮಾಡಬಹುದಿತ್ತು? ಹಿಡಿದು ತಲೆ ಕತ್ತರಿಸಬಹುದಿತ್ತು. ಆದರೆ ಹೊರಗೆ 200ಕ್ಕೂ ಜಾಸ್ತಿ ಹಡಗುಗಳೊಂದಿಗೆ ಜಾಂಗ್ ಬಾವ್ ಕಾಯುತ್ತಿದ್ದ. ಮಕ್ಕಳನ್ನು ಕರೆದುಕೊಂಡು ಬಂದವಳನ್ನು ಕೊಂದರೆ ಮುಂದೆ ಯಾವ ಕಳ್ಳನೂ ಶರಣಾಗುವುದಿಲ್ಲ. ಇವಳು ಬರಿಗೈಯಲ್ಲಿ ಬಂದಳು, ಅವನ ಕೈ ಕಟ್ಟಿಹೋಯಿತು.

ಏಪ್ರಿಲ್ 20ರಂದು ಶರಣಾಗತಿ ನಡೆಯಿತು. 17,318 ಜನ, 226 ಹಡಗು, 1,315 ಫಿರಂಗಿ. ಜಾಂಗ್ ಬಾವ್‌ಗೆ ಸೇನಾಧಿಕಾರಿ ಹುದ್ದೆ ಸಿಕ್ಕಿತು, ಕೆಲವು ಹಡಗುಗಳನ್ನೂ ಉಳಿಸಿಕೊಂಡ. ಕದ್ದ ಸಂಪತ್ತನ್ನು ಕಿತ್ತುಕೊಳ್ಳಲಿಲ್ಲ.

ಜಮಾಖರ್ಚು:
ಉಳಿದ ಅಂಕಿಗಳನ್ನೂ ಹೇಳಿ. 126 ಜನರಿಗೆ ಮರಣದಂಡನೆ. 151 ಜನರಿಗೆ ಶಾಶ್ವತ ಗಡಿಪಾರು, 60 ಜನರಿಗೆ ಎರಡು ವರ್ಷದ ಗಡಿಪಾರು. ಇವಳ ಲೆಕ್ಕ ಸರಿಹೋಯಿತು. ಆ 126 ಜನರ ಹೆಂಡತಿಯರನ್ನು ಕೇಳಿದ್ದರೆ ಬೇರೆ ಮಾತು ಬರುತ್ತಿತ್ತು. ಮುಂದಿನ ಕೆಲವೇ ತಿಂಗಳಲ್ಲಿ ಜಾಂಗ್ ಬಾವ್ ಸರ್ಕಾರದ ಸಮವಸ್ತ್ರ ತೊಟ್ಟು ನೀಲಿ ಬಾವುಟದ ಹಳೆಯ ಗೆಳೆಯರನ್ನೇ ಬೇಟೆಯಾಡಿದ.

ಮಲೆನಾಡ ಹುಡುಗಿ:
17,000 ಜನರಲ್ಲಿ 126. ಯುದ್ಧ ಮುಂದುವರಿದಿದ್ದರೆ ಎಷ್ಟು ಸಾವು ಆಗುತ್ತಿತ್ತು? ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಿಮ್ಮ ಹೆಸರೇ ಜಮಾಖರ್ಚು, ಖರ್ಚಿನ ಕಾಲಂ ಮಾತ್ರ ತುಂಬಿಸಿದರೆ ಹೇಗೆ?

ಜಮಾಖರ್ಚು:
ಈ ಒಂದು ಪಾಯಿಂಟ್ ನಿಮಗೆ ಮೇಡಂ.

ತುಂಗಾ ತೀರ:
ಆಮೇಲೆ ಏನಾದಳು? ಕಾಶಿಗೆ ಹೋದಳಾ?

ಹಾಂಗ್‌ಕಾಂಗ್ ಕನ್ನಡಿಗ:
ಕಾಶಿಗೆ ಹೋಗುವ ಪೈಕಿ ಅಲ್ಲ. 1813ರಲ್ಲಿ ಗಂಡುಮಗು ಹುಟ್ಟಿತು. ಜಾಂಗ್ ಬಾವ್ ಬಡ್ತಿ ಮೇಲೆ ಬಡ್ತಿ ಪಡೆದು, ತೈವಾನ್ ಬಳಿಯ ಪೆಂಗ್ಹು ದ್ವೀಪಗಳಲ್ಲಿ ಅಧಿಕಾರಿಯಾಗಿದ್ದ. 1822ರಲ್ಲಿ ತೀರಿಕೊಂಡ, ಇನ್ನೂ 40 ದಾಟಿರಲಿಲ್ಲ. ಎರಡು ವರ್ಷದ ಮೇಲೆ ಇವಳು ಮಗನನ್ನು ಕರೆದುಕೊಂಡು ಗುವಾಂಗ್‌ಡಾಂಗ್‌ಗೆ ವಾಪಸ್ ಬಂದಳು. ಜೂಜಿನ ಅಡ್ಡೆ ನಡೆಸುತ್ತಿದ್ದಳು. ಸತ್ತದ್ದು 1844ರಲ್ಲಿ, 69ರ ಸುಮಾರಿಗೆ, ಹಾಸಿಗೆಯ ಮೇಲೆ.

ಧಾರವಾಡದ ಓದುಗ:
1840ರ ಮೊಕದ್ದಮೆ ಬಿಟ್ಟಿರಿ. ಜಾಂಗ್ ಬಾವ್ ಶರಣಾದ ಕಾಲದಲ್ಲಿ ಒಬ್ಬ ಅಧಿಕಾರಿಯ ಕೈಗೆ ಆಸ್ತಿ ಖರೀದಿಗೆಂದು 28,000 ತೇಲ್ (ಚೀನಾದ ಹಳೆಯ ತೂಕದ ಅಳತೆ) ಬೆಳ್ಳಿ ಕೊಟ್ಟಿದ್ದನಂತೆ. ಅವನು ಆಸ್ತಿಯನ್ನೂ ಕೊಡಿಸಲಿಲ್ಲ, ಬೆಳ್ಳಿಯನ್ನೂ ಹಿಂತಿರುಗಿಸಲಿಲ್ಲ, ನುಂಗಿದ ಎಂದು ಇವಳ ದೂರು. 30 ವರ್ಷದ ಹಳೆಯ ಬಾಕಿ! ಇವಳಿಗೆ ಆಗ 65ರ ಆಸುಪಾಸು. ಹೊರಗೆ ಇಂಗ್ಲಿಷರೊಂದಿಗೆ ಅಫೀಮು ಯುದ್ಧ ನಡೆಯುತ್ತಿದೆ, ಇವಳು ಕಚೇರಿ ಮೆಟ್ಟಿಲು ಹತ್ತಿ ಅರ್ಜಿ ಕೊಡುತ್ತಿದ್ದಾಳೆ. ದೂರು ಚಕ್ರವರ್ತಿಯ ತನಕ ಹೋಗಿ ವಜಾ ಆಯಿತು.

ಜಮಾಖರ್ಚು:
ಸಾಕ್ಷಿಗೆ ಒಂದು ರಸೀದಿ ಇಟ್ಟುಕೊಂಡಿರಲಿಲ್ಲವಾ? ಇಡೀ ಕಡಲಿಗೆ ಚೀಟಿ ಕೊಟ್ಟವಳು!